ಎಥ್ನಾಳ ಬಾವಿಗೆ ಹೋಗುವ ಓಣಿ

ಕಿಲೆಥ್ನಾ, ಲೀಟ್ರಿಮ್ ಕೌಂಟಿ
2 ಜುಲೈ 1989

ಅಕ್ಕ ಇಮೆಲ್ಡಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ ಅಂತ ಬೈಯಬೇಡ. ನನಗೆ ಉಸಿರಾಡಲೂ ಪುರಸೊತ್ತಿಲ್ಲ. ನಮ್ಮ ಸಂತ ಎಥ್ನಾಳ ಹಬ್ಬ ಇಷ್ಟು ವರ್ಷ ಒಂದು ಪೂಜೆ, ಒಂದು ಕಪ್ ಟೀಯಲ್ಲಿ ಮುಗಿಯುತ್ತಿತ್ತಲ್ಲ, ಈ ಸಲ ಹಾಗಲ್ಲ. ಆಗಸ್ಟ್ ಕೊನೆಯ ಶನಿವಾರ, ಭಾನುವಾರ ಇಡೀ ಊರಿನ ಹಬ್ಬ. ಬಿಷಪ್ ಬರುತ್ತಾರೆ. ಡಬ್ಲಿನ್‌ನಿಂದ ಬಸ್ಸಿನಲ್ಲಿ ಜನ. ಶುಕ್ರವಾರ ಸಂಜೆ ಗಾಲ್ವೆಯ ಪ್ರೊಫೆಸರೊಬ್ಬರು ಎಥ್ನಾ ಬಗ್ಗೆ ಉಪನ್ಯಾಸ ಕೊಡುತ್ತಾರೆ. ಶನಿವಾರ ಮಕ್ಕಳ ನಾಟಕ, ಭಾನುವಾರ ಬಾವಿಯ ಹತ್ತಿರ ಪೂಜೆ.

ಸಮಿತಿಗೆ ಅಧ್ಯಕ್ಷ ಪಬ್‌ನ ಕ್ರಿಸ್ಟಿ ಗಿಲ್ಹೂಲಿ. ಕಾರ್ಯದರ್ಶಿ ಯಾರು ಹೇಳು? ಒಂದನೇ ಕ್ಲಾಸಿನ ಮಕ್ಕಳ ಮೂಗು ಒರೆಸುತ್ತಾ ಮುದುಕಿಯಾಗುತ್ತಿರುವ ನಿನ್ನ ತಂಗಿ! ಭಾನುವಾರ ಬಾವಿ ಹತ್ತಿರ ಮೈಕಿನಲ್ಲಿ ಸಂತಳ ಕಥೆ ಓದುವವಳೂ ನಾನೇ. ಬಾಗಿಲೇ ಇಲ್ಲದ ಮನೆಯಲ್ಲಿ ಬಾಳಿದವಳು, ಬಂದವರನ್ನೆಲ್ಲ ಒಳಗೆ ಕರೆದವಳು ಅನ್ನುವ ಅದೇ ಕಥೆ. ನೀನು ಆಫ್ರಿಕಾದಿಂದ ನಾಲ್ಕು ಸಾಲು ಸಂದೇಶ ಕಳಿಸಬೇಕು, ಫಾದರ್ ಲವೆಲ್ ಓದುತ್ತಾರೆ. ಊರಿನ ಮಗಳು, ಸಿಸ್ಟರ್ ಅಂದರೆ ಜನ ಕೇಳುತ್ತಾರೆ.

ಊರೂರು ಅಲೆಯುವ ನಮ್ಮ ಮೌಗನ್‌ರ ಮನೆಗಾಡಿಗಳು ಈ ಸಲ ಬೇಗನೆ ಬಂದು ಬಾವಿ ಓಣಿಯಲ್ಲಿ ನಿಂತಿವೆ. ಮುದುಕ ಓನಿಗೆ ಮೈ ಹುಷಾರಿಲ್ಲವಂತೆ. ಹೆಂಡತಿ ವಿನಿ ಬಂದವಳೇ ಬಾವಿಯ ಪಾಚಿ ತೆಗೆದು, ಸುತ್ತ ಗುಡಿಸಿಟ್ಟಿದ್ದಾಳೆ. ಓಣಿಯ ವಿಷಯ ಸಮಿತಿಯಲ್ಲಿ ಒಂದು ಮಾತು ಬಂತು. ಏನಾದರೂ ಏರ್ಪಾಡಾಗುತ್ತದೆ.

ನಿನ್ನ ಡಿಂಪ್ನಾ


ಕಸಾಮಾ ಹತ್ತಿರದ ಮಿಷನ್, ಜಾಂಬಿಯಾ
19 ಜುಲೈ 1989

ಡಿಂಪಿ,

ಕಾರ್ಯದರ್ಶಿಗಳಿಗೆ ನಮಸ್ಕಾರ. ಸಂದೇಶ ಜೊತೆಗಿದೆ. ನಾಲ್ಕು ಸಾಲು ಕೇಳಿದ್ದೆ, ಆರಾಯಿತು. ಬೇಕಾದರೆ ಕತ್ತರಿಸು, ಆದರೆ ಬಾಗಿಲಿಲ್ಲದ ಮನೆಯ ಮಾತು ಬಿಡಬೇಡ. ಪರದೇಶದಲ್ಲಿ ಕೂತವಳಿಗೆ ಊರು ಅಂದರೆ ಅದೇ ನೆನಪಾಗುವುದು.

ಇಲ್ಲಿ ಹೆರಿಗೆ ವಾರ್ಡಿನಲ್ಲಿ ಹಾಸಿಗೆಗಿಂತ ಬಸುರಿಯರೇ ಹೆಚ್ಚು. ನಿನ್ನ ಕಾಗದ ಓದಿದಷ್ಟು ಹೊತ್ತು ಬಾವಿಯ ತಣ್ಣನೆ ನೀರು ಕಾಲಿಗೆ ತಗುಲಿದ ಹಾಗಿತ್ತು.

ಓನಿಗೆ ಏನಾಗಿದೆ? ನೀನು ಬರೆಯಲಿಲ್ಲ. ನಾವು ಚಿಕ್ಕವರಿದ್ದಾಗಲೇ ಆ ಬಾವಿ ಸುತ್ತ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಮನುಷ್ಯ ಅವನು. ನಾವೆಲ್ಲ ಹೊಸ ಶೂ ಕೊಳೆಯಾಗುತ್ತದೆ ಅಂತ ದೂರ ನಿಲ್ಲುತ್ತಿದ್ದೆವು. ಬಿಷಪ್ ಪಕ್ಕ ಯಾರನ್ನಾದರೂ ಕೂರಿಸುವುದಿದ್ದರೆ ಅವರಿಬ್ಬರನ್ನೇ ಕೂರಿಸು. ಏರ್ಪಾಡು ಅಂದೆಯಲ್ಲ, ಏನು ಏರ್ಪಾಡು?

ಇಮೆಲ್ಡಾ


ಕಿಲೆಥ್ನಾ
12 ಆಗಸ್ಟ್ 1989

ಅಕ್ಕ,

ಸಂದೇಶ ಬಂತು. ಫಾದರ್ ಲವೆಲ್ ಓದಿ ಕನ್ನಡಕ ಒರೆಸಿಕೊಂಡರು. ಅಷ್ಟೂ ಸಾಲು ಓದಿಸುತ್ತೇವೆ.

ನಮ್ಮ ಅವಸ್ಥೆ ಕೇಳು. ಸ್ಯಾಂಡ್‌ವಿಚ್‌ಗೆ ಹ್ಯಾಮ್ ಇರಲೋ ಮೊಟ್ಟೆ ಇರಲೋ ಅಂತ ಹೆಂಗಸರಲ್ಲಿ ಎರಡು ಪಕ್ಷವಾಗಿ, ಮೊಟ್ಟೆ ಪಕ್ಷದವರು ಒಂದು ಸಭೆಗೆ ಬರಲೇ ಇಲ್ಲ. ಕೊನೆಗೆ ಎರಡೂ ಇರಲಿ ಅಂತಾಯಿತು. ಹಣ್ಣಿನ ಕೇಕು ಪ್ರತಿ ಮನೆಯಿಂದ ಒಂದು. ನಾಟಕದಲ್ಲಿ ಎಥ್ನಾ ಆಗುವ ಹುಡುಗಿಗೆ ಮುಂದಿನ ಹಲ್ಲು ಬಿದ್ದು 'ಸಂತ' ಅನ್ನಲು ಬರುತ್ತಿಲ್ಲ. 'ಥಂತ' ಅನ್ನುತ್ತಾಳೆ. ಬಿಷಪ್ ನಗದಿದ್ದರೆ ಸಾಕು. ಚರ್ಚಿನ ಗೋಡೆಗೆ ಸುಣ್ಣವಾಯಿತು, ಬೇಲಿ ಕತ್ತರಿಸಿದ್ದಾಯಿತು. ಕಾರುಗಳು ನಿಲ್ಲಲು ಅಪ್ಪನ ಹುಲ್ಲುಗಾವಲು ಬಿಟ್ಟುಕೊಟ್ಟಿದ್ದೇನೆ. ಬಾವಿಗೆ ಅಂಟಿಕೊಂಡೇ ಇದೆಯಲ್ಲ, ಅನುಕೂಲ. ನೀನು ಬೇಡ ಅನ್ನುವುದಿಲ್ಲ ಅಂತ ನಿನ್ನ ಪರವಾಗಿಯೂ ಹೂಂ ಅಂದೆ.

ಮೌಗನ್‌ರವರಿಗೆ ಕೆರೆ ಪಕ್ಕದ ಹಳೆ ಕ್ವಾರಿಯಲ್ಲಿ ಜಾಗವಾಯಿತು. ನಾನೇ ಹೋಗಿ ಮಾತಾಡಿದೆ. ಖುಷಿಯಿಂದಲೇ ಹೋದರು.

ನಾನು ಹೊಸ ನೀಲಿ ಕೋಟು ತೆಗೆದುಕೊಂಡೆ. ಮೈಕಿನ ಮುಂದೆ ನಿಲ್ಲುವವಳು ಅಂತ ಒಂದು ನೆಪ.

ಡಿಂಪ್ನಾ


ಕಸಾಮಾ
26 ಆಗಸ್ಟ್ 1989

ಡಿಂಪಿ,

ಇವತ್ತು ನಿಮ್ಮ ಹಬ್ಬದ ಶನಿವಾರ. ಈ ಹೊತ್ತಿಗೆ 'ಥಂತ ಎಥ್ನಾ' ವೇದಿಕೆ ಮೇಲಿರಬೇಕು.

ನಿನ್ನೆ ಊಟದ ಮೇಜಿನಲ್ಲಿ ನಿನ್ನ ಕಾಗದ ಗಟ್ಟಿಯಾಗಿ ಓದಿದೆ. ಮೊಟ್ಟೆ ಪಕ್ಷಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೌಗನ್‌ರ ಸಾಲು ಬಂದಾಗ ಅವರು ಯಾರು, ಊರಿನವರು ಅವರನ್ನು ಹೇಗೆ ನೋಡುತ್ತಾರೆ ಅಂತ ವಿವರಿಸಿದೆ. "ಎಲ್ಲರೂ ಓಡಿಸೋ ಜನಕ್ಕೆ ನನ್ನ ತಂಗಿ ತಾನೇ ಹೋಗಿ ಜಾಗ ಮಾಡಿಕೊಟ್ಟಿದ್ದಾಳೆ" ಅಂದೆ. ಹೊಸದಾಗಿ ಸೇರಿದ ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆಮೇಲೆ ಪ್ರಾರ್ಥನೆಯಲ್ಲಿ ಅದಕ್ಕೂ ಕ್ಷಮೆ ಕೇಳಬೇಕಾಯಿತು.

ಎಲ್ಲ ವಿವರವಾಗಿ ಬರೆ. ವಿನಿ ಯಾವ ಬಟ್ಟೆ ಹಾಕಿದ್ದಳು ಅನ್ನುವುದನ್ನೂ.

ಇಮೆಲ್ಡಾ


ಕಿಲೆಥ್ನಾ
30 ಆಗಸ್ಟ್ 1989

ಅಕ್ಕ,

ಹಬ್ಬ ಚೆನ್ನಾಗಿ ನಡೆಯಿತು. ಮಳೆ ಬರಲಿಲ್ಲ. ಬಿಷಪ್ ತುಂಬಾ ಹೊಗಳಿದರು. ನಿನ್ನ ಸಂದೇಶಕ್ಕೆ ಜೋರು ಚಪ್ಪಾಳೆ. ಕೇಕು ಉಳಿದಿದೆ.

ನನಗೆ ಸುಸ್ತು. ನಾಡಿದ್ದು ಸ್ಕೂಲು ಶುರು.

ಡಿಂಪ್ನಾ


ಕಸಾಮಾ
15 ಸೆಪ್ಟೆಂಬರ್ 1989

ಡಿಂಪಿ,

ಸ್ಯಾಂಡ್‌ವಿಚ್‌ಗೆ ಎರಡು ಪುಟ ಬರೆದವಳು ಹಬ್ಬಕ್ಕೆ ಅರ್ಧ ಪುಟ ಬರೆದಿದ್ದೀಯ. ಜ್ವರವೇ? ಕ್ರಿಸ್ಟಿ ಜೊತೆ ಜಗಳವೇ? ಓನಿ ಪ್ರದಕ್ಷಿಣೆ ಹಾಕಿದನೇ?

ಸುಸ್ತು ಅನ್ನುವುದು ನಮ್ಮ ಮನೆಯಲ್ಲಿ ಯಾವಾಗಲೂ ಬೇರೆ ಯಾವುದೋ ಮಾತಿನ ಮೇಲೆ ಹೊದಿಸುವ ಕಂಬಳಿ. ಬರೆ.

ಇಮೆಲ್ಡಾ


ಕಿಲೆಥ್ನಾ
1 ಅಕ್ಟೋಬರ್ 1989

ಅಕ್ಕ,

ನಿನ್ನ ಎರಡು ಕಾಗದವೂ ಮುಂದಿವೆ. ಚಪ್ಪಾಳೆಯ ಕಾಗದ ಓದಿದ ದಿನ ಅದನ್ನು ಒಲೆಗೆ ಹಾಕಲು ಹೋದೆ. ಆಗಲಿಲ್ಲ. ಇದನ್ನು ಊಟದ ಮೇಜಿನಲ್ಲಿ ಓದಬೇಡ.

ಆಗಸ್ಟ್ ಮೊದಲ ವಾರ ಕ್ರಿಸ್ಟಿಯ ಪಬ್‌ನ ಹಿಂದಿನ ಕೋಣೆಯಲ್ಲಿ ಸಭೆ. ಕ್ರಿಸ್ಟಿ ಶುರು ಮಾಡಿದ: "ಬಿಷಪ್ ಕಾರಿಂದ ಇಳಿದ ತಕ್ಷಣ ಕಣ್ಣಿಗೆ ಬೀಳೋದೇನು? ಓಣಿ ಬಾಯಲ್ಲಿ ಒದ್ದೆ ಬಟ್ಟೆ, ಹಳೇ ಗಾಡಿ, ಬೊಗಳೋ ನಾಯಿ. ಇದು ಸಂತಳ ಹಬ್ಬಾನೋ, ತಗಡು ಬೆಸೆಯೋ ಅಲೆಮಾರಿಗಳ ಸಂತೇನೋ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಫಾದರ್ ಲವೆಲ್ ಕಪ್ಪಿನೊಳಗೆ ನೋಡುತ್ತಾ ಕೂತರು. "ಪೊಲೀಸ್ರನ್ನ ಕರೆದ್ರೆ ಗಲಾಟೆ, ಪೇಪರ್‌ನವರು ಬರ್ತಾರೆ. ಡಿಂಪ್ನಾ ಹೇಳಿದ್ರೆ ಕೇಳ್ತಾರೆ, ಅವಳ ಮೇಲೆ ಆ ಮುದುಕಿಗೆ ಪ್ರೀತಿ" ಅಂದ ಕ್ರಿಸ್ಟಿ. ಅಕ್ಕ, ನನಗೆ ಆಗ ಅನಿಸಿದ್ದು ಏನು ಗೊತ್ತಾ? ಹೆಮ್ಮೆ. ಆ ಗಂಡಸರ ನಡುವೆ ನನ್ನಿಂದ ಮಾತ್ರ ಆಗುವ ಕೆಲಸ ಒಂದಿದೆಯಲ್ಲ ಅಂತ.

ಹೊರಡುವಾಗ ಕ್ರಿಸ್ಟಿ ಇನ್ನೊಂದು ಮಾತಂದ: "ಅವರೊಂದು ಸಲ ಹೋಗ್ಲಿ. ವಾಪಸ್ ಬರದ ಹಾಗೆ ನೋಡ್ಕೊಳ್ಳೋಕೆ ನಮ್ ಭಾವಮೈದುನನ ಜೆಸಿಬಿ ಇದೆ." ಕೇಳಿಸಿತು. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಕೇಳಿಸಲಿಲ್ಲ ಅಂತ ನನಗೇ ಹೇಳಿಕೊಂಡೆ.

ಮಾರನೆಯ ದಿನ ಓಣಿಗೆ ಹೋದೆ. ಓನಿ ಗಾಡಿಯೊಳಗೆ ದಿಂಬಿಗೆ ಒರಗಿದ್ದ. ಉಸಿರು ಎಳೆಯುವುದು ಹೊರಗೆ ಮೆಟ್ಟಿಲವರೆಗೂ ಕೇಳುತ್ತಿತ್ತು. ವಿನಿ ಸೋಡಾ ಬ್ರೆಡ್ ಕತ್ತರಿಸಿ, ಬೆಣ್ಣೆ ಸವರಿ ಕೈಗಿಟ್ಟಳು. ನಾನು ಅದನ್ನು ತಿನ್ನುತ್ತಲೇ ಹೇಳಿದೆ: "ನಾಲ್ಕು ದಿನ ಕ್ವಾರಿ ಹತ್ರ ಇರಿ ವಿನಿ. ಇಲ್ಲಿ ಜನ, ಕಾರು, ಗದ್ದಲ. ಓನಿಗೆ ನಿದ್ದೆ ಬರಲ್ಲ. ಹಬ್ಬ ಮುಗಿದ ಮೇಲೆ ಇಲ್ಲಿಗೇ ಬನ್ನಿ."

"ಭಾನುವಾರ ಇವನು ಬಾವಿ ಸುತ್ತಬೇಕು, ಮಗಳೇ" ಅಂದಳು. "ಬರೋ ವರ್ಷ ಇರಲ್ಲ ಇವನು. ಇವನಿಗೂ ಗೊತ್ತು."

"ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀನಿ. ನಾನು ಮಾತು ಕೊಡ್ತೀನಿ."

"ನೀನು ಹೇಳಿದ್ರೆ ಆಯ್ತು. ಆ ಕ್ರಿಸ್ಟಿ ಬಂದಿದ್ರೆ ನಾಯಿ ಬಿಡ್ತಿದ್ದೆ."

ಒಳಗಿಂದ ಓನಿ ನಕ್ಕ, ಕೆಮ್ಮಿದ. ಖುಷಿಯಿಂದ ಹೋದರು ಅಂತ ನಿನಗೆ ಬರೆದೆನಲ್ಲ, ಅದು ಸುಳ್ಳಲ್ಲ. ನನ್ನನ್ನು ನಂಬಿ ಖುಷಿಯಾಗಿಯೇ ಹೋದರು. ಅವರ ಗಾಡಿ ತಿರುವು ದಾಟಿದ ಮಧ್ಯಾಹ್ನವೇ ಓಣಿಯ ಬಾಯಿಗೆ ಬಂಡೆಗಳು ಬಿದ್ದವು. ಹಸುವಿನಷ್ಟು ದೊಡ್ಡ ಬಂಡೆಗಳು. ಅವುಗಳ ಮುಂದೆ ಹೆಂಗಸರು ಹೂಕುಂಡ ಜೋಡಿಸಿದರು. ನೋಡಲು ಚೆನ್ನಾಗಿಯೇ ಕಾಣುತ್ತಿತ್ತು.

ಶುಕ್ರವಾರ ಪ್ರೊಫೆಸರ್ ಬಂದರು. ಹಳೆಯ ಬರಹದಲ್ಲಿ ಕಥೆ ಬೇರೆ ಇದೆ ಅಂದರು. ಎಥ್ನಾಳ ಮನೆಗೆ ಮೊದಲು ಬಾಗಿಲಿತ್ತಂತೆ. ಹಿಮದ ದಿನ ಒಬ್ಬ ಅಲೆಮಾರಿ ಹೆಂಗಸು ಬಂದು ತಟ್ಟಿದಳಂತೆ. ಪ್ರಾರ್ಥನೆ ಮುಗಿಯಲಿ ಅಂತ ಎಥ್ನಾ ಏಳಲಿಲ್ಲವಂತೆ. ಎದ್ದು ತೆಗೆದಾಗ ಆ ಹೆಂಗಸು ಹೊಸ್ತಿಲಲ್ಲೇ ಸತ್ತಿದ್ದಳು. ಆ ನಾಚಿಕೆಗೆ ಬಾಗಿಲನ್ನೇ ಕಿತ್ತು ಸುಟ್ಟಳಂತೆ. ಉಪನ್ಯಾಸ ಮುಗಿಯಿತು. ಆಮೇಲೆ ಕ್ರಿಸ್ಟಿ ನನ್ನ ಹತ್ತಿರ ಬಂದು, "ಭಾನುವಾರ ಈ ಹೆಣದ ಕಥೆ ಬೇಡ. ನೀನು ಬರೆದಿದ್ದೇ ಓದು, ಅದು ಚೆನ್ನಾಗಿದೆ" ಅಂದ. ಅದನ್ನೇ ಓದಿದೆ.

ಭಾನುವಾರ ನಮ್ಮ ಹುಲ್ಲುಗಾವಲಿನ ಗೇಟಿನಿಂದ ಜನರನ್ನು ಬಿಡುತ್ತಿದ್ದರು. ಬಿಷಪ್ ಬಂದು ಕೂತರು. ಫಾದರ್ ನಿನ್ನ ಸಂದೇಶ ಓದಿದರು, ಚಪ್ಪಾಳೆಯಾಯಿತು. ನಾನು ಮೈಕಿನ ಮುಂದೆ ಬಂದು ಒಂದು ಪುಟ ಓದಿರಬೇಕು, ಗೇಟಿನ ಕಡೆ ಗಲಿಬಿಲಿ ಕಾಣಿಸಿತು. ವಿನಿಯ ಇಬ್ಬರು ಗಂಡುಮಕ್ಕಳು ಓನಿಯನ್ನು ಅಡುಗೆಮನೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದಿದ್ದರು. ಓನಿ ಕೋಟು, ಟೈ ಹಾಕಿದ್ದ. ಶೂ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದ. ವಿನಿ ಯಾವ ಬಟ್ಟೆ ಹಾಕಿದ್ದಳು ಅಂತ ಕೇಳಿದ್ದೆಯಲ್ಲ, ಕಪ್ಪು ಕೋಟು, ತಲೆಗೆ ಹಸಿರು ಸ್ಕಾರ್ಫ್. ಹಳದಿ ಪಟ್ಟಿಯ ಸ್ವಯಂಸೇವಕರು ಅಡ್ಡ ನಿಂತಿದ್ದರು. ವಿನಿಯ ಮಾತು ನನಗೆ ಕೇಳಿಸಲಿಲ್ಲ, ಆದರೆ ಅವಳ ಕೈ ನನ್ನ ಕಡೆ ತೋರಿಸಿತು. "ಡಿಂಪ್ನಾನ ಕೇಳಿ, ಅವಳೇ ಕರೆದಿದ್ದು" ಅಂದಳಂತೆ. ಆಮೇಲೆ ಯಾರೋ ಹೇಳಿದರು, ನಗುತ್ತಾ.

ಕ್ರಿಸ್ಟಿ ಗೇಟಿಗೆ ಹೋದ. ಅಲ್ಲಿಂದ ನನ್ನನ್ನು ನೋಡಿದ. ಅವರೆಲ್ಲರೂ ನೋಡಿದರು. ನಾನು ತಲೆ ಆಡಿಸಿದ್ದರೆ ಸಾಕಿತ್ತು, ಅಕ್ಕ. ಬಿಷಪ್ ಮುಂದೆ ಅವನು ಇಲ್ಲ ಅನ್ನುತ್ತಿರಲಿಲ್ಲ. ನನ್ನ ಕೈಯಲ್ಲಿ ಮೈಕಿತ್ತು, "ಬಿಡಿ ಅವರನ್ನ" ಅಂದಿದ್ದರೆ ಕೆರೆಯವರೆಗೂ ಕೇಳುತ್ತಿತ್ತು. ಅಷ್ಟು ಜನರ ಮುಂದೆ ಓದು ನಿಲ್ಲಿಸಿದರೆ ಏನಂದುಕೊಳ್ಳುತ್ತಾರೋ ಅಂತ ತಲೆ ತಗ್ಗಿಸಿ ಮುಂದಿನ ಸಾಲು ಓದಿದೆ. "ಎಥ್ನಾಳ ಮನೆಗೆ ಬಾಗಿಲೇ ಇರಲಿಲ್ಲ." ಮತ್ತೆ ತಲೆಯೆತ್ತಿದಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ನಾನು ಯಾವ ಕುರ್ಚಿಯನ್ನೂ ಹಾಕಿಸಿರಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಸೆಪ್ಟೆಂಬರ್‌ನಲ್ಲಿ ಓನಿ ಆಸ್ಪತ್ರೆಯಲ್ಲಿ ತೀರಿಕೊಂಡ. ಕ್ವಾರಿಯ ತೇವಕ್ಕೆ ಎದೆ ಹಿಡಿದುಕೊಂಡಿತಂತೆ. ಹೇಗೂ ಉಳಿಯುತ್ತಿರಲಿಲ್ಲ ಅಂತ ಎಲ್ಲರೂ ಅನ್ನುತ್ತಾರೆ, ನನಗೆ ಸಮಾಧಾನವಾಗಲಿ ಅಂತ. ಅವರ ಕಡೆಯವರಿರುವ ಲಾಂಗ್‌ಫರ್ಡ್ ಪಕ್ಕದ ಊರಲ್ಲಿ ಮಣ್ಣು. ನಮ್ಮೂರಿನಿಂದ ಹೋದವಳು ನಾನೊಬ್ಬಳೇ. ವಿನಿ ಎರಡು ಕೈಯಿಂದ ನನ್ನ ಕೈ ಹಿಡಿದುಕೊಂಡಳು. "ಅಷ್ಟು ದೂರದಿಂದ ಬಂದ್ರಿ. ಥ್ಯಾಂಕ್ಸ್, ಮಿಸ್ ಹ್ಯಾನ್ಲಿ" ಅಂದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಹಾಗೆ ಕರೆದಿರಲಿಲ್ಲ. ಎಲ್ಲರ ಮುಂದೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೀನು ನನ್ನ ಬಗ್ಗೆ ಆ ಹುಡುಗಿಯರಿಗೆ ಹೇಳಿದ್ದನ್ನು ವಾಪಸ್ ತೆಗೆದುಕೋ.

ಡಿಂಪ್ನಾ


ಕಸಾಮಾ
18 ಅಕ್ಟೋಬರ್ 1989

ಡಿಂಪಿ,

ವಾಪಸ್ ತೆಗೆದುಕೊಂಡೆ. ಮೇಜಿನ ಮುಂದೆ ಎದ್ದು ನಿಂತು, ನಾನು ಹೇಳಿದ್ದು ನಿಜವಲ್ಲ ಅಂದೆ. ವಿವರ ಹೇಳಲಿಲ್ಲ. ನನ್ನ ವಿಷಯ ಮಾತ್ರ ಹೇಳಿದೆ. ಅದನ್ನು ನಿನಗೂ ಹೇಳಬೇಕು.

ನಿನ್ನ ಆಗಸ್ಟ್ ಕಾಗದ ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಕ್ವಾರಿ ಎಂಥ ಜಾಗ ಅಂತ ನನಗೆ ಗೊತ್ತಿಲ್ಲವೇ? ಅಲ್ಲಿ ಬೇಸಿಗೆಯಲ್ಲೂ ಕಾಲು ಹೂತುಹೋಗುತ್ತದೆ. ಮೈ ಹುಷಾರಿಲ್ಲದ ಮುದುಕನನ್ನು ಯಾವ ನರ್ಸೂ ಅಲ್ಲಿಗೆ ಕಳಿಸುವುದಿಲ್ಲ. ನಾನು ನರ್ಸು. ತಂತಿ ಕಳಿಸಬಹುದಿತ್ತು. ಕೇಳಿದರೆ ನೀನು ನಿಜ ಹೇಳಿಬಿಡುತ್ತೀಯ, ಆಗ ನನ್ನ ಊರಿನ ಚಿತ್ರ ಹಾಳಾಗುತ್ತದೆ. ಅದಕ್ಕೇ ಹೊಗಳಿದೆ. ಚಪ್ಪಾಳೆ ಬೇಕಾಗಿದ್ದದ್ದು ನನಗೆ.

ಇನ್ನೊಂದು ಮಾತು. ಇಲ್ಲಿ ವಾರ್ಡು ತುಂಬಿದ ಮೇಲೆ, ಹೊರಗೆ ನಿಂತವರಿಗೆ 'ಜಾಗ ಇಲ್ಲ' ಅನ್ನಲು ನಾನು ಹೋಗುವುದಿಲ್ಲ. ಈ ಊರಿನವಳೇ ಆದ ನರ್ಸ್ ಚಂದಾಳನ್ನು ಕಳಿಸುತ್ತೇನೆ. ಅವಳ ಮಾತು ಕೇಳುತ್ತಾರೆ ಅಂತ. ನಿನ್ನ ಕಾಗದ ಓದಿದ ದಿನ ಅವಳ ಮುಖ ನೋಡಲಾಗಲಿಲ್ಲ. ಈಗ ನಾನೇ ಗೇಟಿಗೆ ಹೋಗುತ್ತೇನೆ. ಅದರಿಂದ ಜಾಗವೇನೂ ಹೆಚ್ಚಾಗಿಲ್ಲ. ಆದರೆ ಬೈಗುಳ ಈಗ ನನಗೆ ಬೀಳುತ್ತದೆ.

ಕೊನೆಗೆ ಇದು. ಅಪ್ಪನ ಹುಲ್ಲುಗಾವಲು ಬಾವಿಗೆ ಅಂಟಿಕೊಂಡಿದೆ, ಅದರಲ್ಲಿ ಅರ್ಧ ನನ್ನದು. ಕ್ರಿಸ್ಟಿಯ ಅಪ್ಪಣೆ ಬೇಡ, ಸಮಿತಿಯ ಅಪ್ಪಣೆ ಬೇಡ. ಅವರ ಗಾಡಿಗಳನ್ನು ಅಲ್ಲಿಗೆ ಕರೆಯಬಹುದಿತ್ತು. ನಿನಗೆ ಹೊಳೆಯಲಿಲ್ಲ. ಅವರನ್ನು ಬಿಷಪ್ ಪಕ್ಕ ಕೂರಿಸು ಅಂತ ಉಪದೇಶ ಮಾಡಿದ ನನಗೂ ಹೊಳೆಯಲಿಲ್ಲ. ಕಾರುಗಳಿಗೆ ಕೊಟ್ಟೆವು.

ನಾನು ನಿನ್ನನ್ನು ಕ್ಷಮಿಸುವುದಕ್ಕೆ ಇಲ್ಲೇನೂ ಇಲ್ಲ. ವಿನಿಯ ಹತ್ತಿರ ಹೋಗು.

ಇಮೆಲ್ಡಾ


ಕಿಲೆಥ್ನಾ
26 ನವೆಂಬರ್ 1989

ಅಕ್ಕ,

ಹೋಗಿದ್ದೆ.

ಅದಕ್ಕೂ ಮೊದಲು ಸಮಿತಿಯ ಸಭೆ ಇತ್ತು, ಬರುವ ವರ್ಷದ ಹಬ್ಬಕ್ಕೆ. ಎದ್ದು ನಿಂತು ಎಲ್ಲ ಹೇಳಿದೆ. ಬಂಡೆ ಬೀಳುತ್ತದೆ ಅಂತ ಗೊತ್ತಿದ್ದೂ ವಿನಿಗೆ ಮಾತು ಕೊಟ್ಟೆ, ಗೇಟಿನಲ್ಲಿ ಅವರನ್ನು ನೋಡಿಯೂ ನೋಡದ ಹಾಗೆ ಓದಿದೆ, ಆ ಬಂಡೆ ತೆಗೆಸಬೇಕು ಅಂತ. ಯಾರೂ ಜಗಳ ಮಾಡಲಿಲ್ಲ. ಕ್ರಿಸ್ಟಿ ತುಂಬಾ ಮೃದುವಾಗಿ, "ಸುಸ್ತಾಗಿದೀಯ ಡಿಂಪ್ನಾ, ಕೂತ್ಕೋ. ಟೀ ಆರ್ತಾ ಇದೆ" ಅಂದ. ಮುಂದಿನ ವಿಷಯಕ್ಕೆ ಹೋದರು. ಫಾದರ್ ಲವೆಲ್ ಬಾಗಿಲವರೆಗೆ ಬಂದು, "ನನಗೂ ಹಾಗೇ ಅನಿಸಿತ್ತು" ಅಂದರು. "ಆವತ್ತು ಹೇಳ್ಬೇಕಿತ್ತು ಫಾದರ್, ನಾವಿಬ್ಬರೂ" ಅಂದೆ. ಈಗ ಕೆಲವು ತಾಯಂದಿರು ಸ್ಕೂಲಿನ ಹತ್ತಿರ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಬಂಡೆ ಅಲ್ಲೇ ಇದೆ.

ವಿನಿಯ ಗಾಡಿ ಲಾಂಗ್‌ಫರ್ಡ್ ರಸ್ತೆಯ ಬದಿಯಲ್ಲಿತ್ತು. ಕ್ಷಮಿಸಿ ಅಂದೆ. ಅವಳು ಬಟ್ಟೆ ಹಿಂಡುತ್ತಲೇ ಇದ್ದಳು.

"ಕ್ಷಮೆ ಇಟ್ಕೊಂಡು ನಾನೇನು ಮಾಡ್ಲಿ, ಮಿಸ್ ಹ್ಯಾನ್ಲಿ? ಅವನ ಸುತ್ತು ಬಾಕಿ ಇದೆ. ಓಣಿಗೆ ಕಲ್ಲು ಹಾಕಿದಾರೆ."

"ನಮ್ಮ ಹುಲ್ಲುಗಾವಲಿದೆ. ಗಾಡಿ ತಂದು ನಿಲ್ಲಿಸಿ. ಎಷ್ಟು ದಿನ ಬೇಕಾದ್ರೂ. ಅಕ್ಕನೂ ಹೂಂ ಅಂದಿದಾಳೆ. ಅಲ್ಲಿಂದ ಬಾವಿಗೆ ಹತ್ತು ಹೆಜ್ಜೆ."

ಅವಳು ತಲೆಯೆತ್ತಿದಳು. "ಓನಿ ಇದ್ದಾಗ ಆ ಹುಲ್ಲುಗಾವಲು ಎಲ್ಲಿತ್ತು?"

"ಅಲ್ಲೇ ಇತ್ತು" ಅಂದೆ.

ಬರುತ್ತಾಳೆ ಅಂದುಕೊಂಡಿರಲಿಲ್ಲ. ನಿನ್ನೆ ಮಕ್ಕಳ ಜೊತೆ ವ್ಯಾನಿನಲ್ಲಿ ಬಂದಳು. ಬೇಲಿ ಬಿಚ್ಚಿಕೊಟ್ಟೆ. ಕೊರೆಯುವ ಚಳಿಯಲ್ಲಿ ಶೂ, ಸ್ಟಾಕಿಂಗ್ಸ್ ಕಳಚಿ, ಓನಿಯ ಹೆಸರಿನಲ್ಲಿ ಬಾವಿ ಸುತ್ತಿದಳು. ಆಮೇಲೆ ಅವನ ಟೈಯನ್ನು ಬಾವಿ ಮೇಲಿನ ಮುಳ್ಳಿನ ಮರಕ್ಕೆ ಕಟ್ಟಿದಳು. ಜೊತೆಗೆ ಬಾ ಅಂತ ನನ್ನನ್ನು ಕರೆಯಲಿಲ್ಲ. ನಾನು ಬೇಲಿಯ ಹತ್ತಿರವೇ ನಿಂತಿದ್ದೆ.

ಮನೆಯೊಳಗೆ ಬನ್ನಿ, ಬೆಂಕಿ ಕಾಯಿಸಿಕೊಳ್ಳಿ ಅಂದೆ. ಬೇಡ ಅಂದಳು, ಟೀ ಕೊಟ್ಟರೆ ಇಲ್ಲೇ ಕುಡಿಯುತ್ತೇನೆ ಅಂದಳು. ಒಳ್ಳೆಯ ಕಪ್ಪಿನಲ್ಲಿ ತಂದುಕೊಟ್ಟೆ. ಹಿತ್ತಲ ಬಾಗಿಲ ಹತ್ತಿರ ನಿಂತು ಕುಡಿದಳು. ಮುಗಿಸಿದ ಮೇಲೆ ಹೊರಗಿನ ನಲ್ಲಿಯಲ್ಲಿ ಕಪ್ಪನ್ನು ತಾನೇ ತೊಳೆದಳು. ಎರಡು ಸಲ, ಬೆರಳಿನಿಂದ ಅಂಚು ಉಜ್ಜಿ ಉಜ್ಜಿ. ಗೋಡೆಯ ಮೇಲೆ ಕವುಚಿ ಹಾಕಿದಳು.

"ಅಯ್ಯೋ ವಿನಿ, ಅದೆಲ್ಲ ಯಾಕೆ? ನಮ್ಮನೇಲಿ ಹಾಗೆಲ್ಲ ಇಲ್ಲ" ಅಂದೆ.

"ನಿಮ್ಮಮ್ಮನೇ ಹೇಳ್ಕೊಟ್ಟಿದ್ದು" ಅಂದಳು. ದನಿಯಲ್ಲಿ ಏನೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನಾನು ಮದುವೆಯಾಗಿ ಬಂದ ವರ್ಷ. ಒಳ್ಳೆ ಹೆಂಗಸು. ಟೀ ಕೊಡದೆ ಒಂದು ದಿನಾನೂ ಕಳಿಸಿದವಳಲ್ಲ."

ಕೈ ಒರೆಸಿಕೊಂಡು ವ್ಯಾನು ಹತ್ತಿದಳು. ಬರುವ ಆಗಸ್ಟಿಗೆ ಬರುತ್ತೀರಾ ಅಂತ ಕೇಳುವ ಧೈರ್ಯವಾಗಲಿಲ್ಲ.

ಅಕ್ಕ, ಅವಳು ಅಷ್ಟು ವರ್ಷ ನಮ್ಮ ಕಣ್ಣ ಮುಂದೆಯೇ ಆ ನಲ್ಲಿಯ ಹತ್ತಿರ ಕಪ್ಪು ತೊಳೆದಿದ್ದಾಳೆ. ನಿನಗೆ ಯಾವಾಗಲಾದರೂ ಕಂಡಿತ್ತಾ? ನಾನು ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಕಪ್ಪು ಇನ್ನೂ ಗೋಡೆಯ ಮೇಲೆಯೇ ಇದೆ. ಒಳಗೆ ತರಬೇಕು ಅಂತ ಬೆಳಗ್ಗೆಯಿಂದ ಎರಡು ಸಲ ಬಾಗಿಲವರೆಗೆ ಹೋದೆ, ಅದನ್ನು ಮುಟ್ಟಲು ನಾಚಿಕೆಯಾಗಿ ಬರಿಗೈಯಲ್ಲಿ ಬಂದೆ.

ಡಿಂಪ್ನಾ